ಪುಣೆಯಿಂದ ಬಂದ ಎರಡು ಗಾಡಿ

2020ರ ಮೇ ತಿಂಗಳಲ್ಲಿ ನಾನು ಕಲಿಸುವ ಸರ್ಕಾರಿ ಶಾಲೆ ಕೊರೊನಾ ಕ್ವಾರಂಟೈನ್ ಕೇಂದ್ರವಾಯಿತು. ಮಾಸ್ತರರಿಗೆಲ್ಲ ಅಲ್ಲೇ ಡ್ಯೂಟಿ. ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಊರು. ಭೀಮಾ ನದಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಇಲ್ಲಿನ ತಾಂಡಾ, ಕೇರಿಗಳ ಜನ ದುಡಿಯಲು ಪುಣೆ, ಮುಂಬೈ, ಗೋವಾಕ್ಕೆ ಹೋಗುವುದು ಮೊದಲಿನಿಂದಲೂ ಇದ್ದದ್ದೇ.

ಅವತ್ತು ಮಧ್ಯಾಹ್ನ ಒಂದು ಟೆಂಪೊ ಬಂತು. ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದ ನಮ್ಮ ತಾಂಡಾದವರು. ಅಗಸಿ ಮುಂದೆ ಜಾಲಿಮುಳ್ಳು ಎಳೆದು ದಾರಿ ಕಟ್ಟಿದ್ದರು. ಟೆಂಪೊ ನಿಂತಿದ್ದೇ ತಡ, ಮಂದಿ ಕೂಡಿದರು. “ಅಲ್ಲಿಂದು ತಂದು ನಮ್ಮೂರಿಗೆ ಹಚ್ಚಾಕ ಬಂದೀರೇನ?” ಅಂತ ಒಬ್ಬ ಕೂಗಿದ. ಕೂಗಿದವನೂ ಒಳಗಿದ್ದವರೂ ಒಂದೇ ಶಾಲೆಯಲ್ಲಿ ಕಲಿತವರು. ಪೊಲೀಸರು ಬಂದ ಮೇಲೆಯೇ ಮುಳ್ಳು ಸರಿದದ್ದು.

ಶಾಲೆಯಲ್ಲಿ ಅವತ್ತು ಬೋರ್‌ವೆಲ್ ಕೆಟ್ಟಿತ್ತು. ಪಕ್ಕದ ಓಣಿಯ ನಳದಿಂದ ಪೈಪ್ ಎಳೆಯಲು ಕೇಳಿದೆ. “ಬ್ಯಾಡ್ರಿ ಸರ, ನಮ್ಮ ಮನ್ಯಾಗೂ ಸಣ್ಣ ಹುಡುಗ್ರದಾರ” ಅಂದರು. ಪೈಪಿನೊಳಗಿಂದ ರೋಗ ಹಿಂದಕ್ಕೆ ಬರಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಪಂಚಾಯ್ತಿ ಟ್ಯಾಂಕರ್ ಬಂದಾಗ ಹೊತ್ತು ಮುಳುಗಿತ್ತು. ಅಲ್ಲಿಯವರೆಗೆ ಕೈಯಲ್ಲಿದ್ದ ಬಾಟಲಿ ನೀರೇ ಗತಿ. ನಾಲ್ಕನೇ ತರಗತಿ ಕೋಣೆಯಲ್ಲಿ ಒಬ್ಬ ತಾಯಿ ಬಾಟಲಿ ತಳದ ನೀರಿಗೆ ಸೆರಗಿನ ತುದಿ ಅದ್ದಿ ಕೂಸಿನ ತುಟಿ ಒರೆಸುತ್ತಿದ್ದಳು. ನನ್ನನ್ನು ನೋಡಿ ಕೇಳಿದಳು: “ಸರ, ನಾವು ವಿಮಾನ ಹತ್ತಿದವರಲ್ರಿ. ಈ ಬ್ಯಾನಿ ನಮ್ಮ ಹೆಸರಿಗೆ ಹ್ಯಾಂಗ ಬಂತ್ರಿ?”

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ರಾಜ್ಯದ ಮೊದಲ ಕೇಸು ಅಮೆರಿಕದಿಂದ ಬೆಂಗಳೂರಿಗೆ ಬಂದ ಸಾಫ್ಟ್‌ವೇರ್ ಉದ್ಯೋಗಿಯದು. ರೋಗ ಬಂದದ್ದು ಪಾಸ್‌ಪೋರ್ಟ್ ಇದ್ದವರ ಜೊತೆ, ಅದೂ ಅವರಿಗೇ ಗೊತ್ತಿಲ್ಲದೆ. ಅದರಲ್ಲಿ ಅವರದೂ ತಪ್ಪಿಲ್ಲ. ಆದರೆ ಮಾರ್ಚ್ 24ರ ರಾತ್ರಿ ನಾಲ್ಕು ತಾಸಿನ ಗಡುವಿನಲ್ಲಿ ದೇಶ ಬಂದ್ ಆದಾಗ ಕೂಲಿ, ಖೋಲಿ ಎರಡೂ ಕಳಕೊಂಡವರು ಇವರು. ಬೈಗುಳವೂ ಇವರಿಗೇ. ಏಪ್ರಿಲ್‌ನಲ್ಲಿ, ದೆಹಲಿಯ ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ಸಭೆಯಿಂದ ರೋಗ ಹರಡಿತು ಅನ್ನುವ ಸುದ್ದಿ ಬಂದಾಗ, ವರ್ಷಗಟ್ಟಲೆ ನಮ್ಮೂರಿಗೆ ಹಣ್ಣು ತರುತ್ತಿದ್ದ ಮುಸ್ಲಿಂ ಗಾಡಿಯವನನ್ನು ಇದೇ ಅಗಸಿಯಿಂದ ವಾಪಸ್ ಕಳಿಸಿದ್ದರು. ಅವನು ದೆಹಲಿ ಕಂಡವನೇ ಅಲ್ಲ.

ಟೆಂಪೊ ಬಂದ ಹಿಂದಿನ ರಾತ್ರಿ ಇನ್ನೊಂದು ಗಾಡಿ ಪುಣೆಯಿಂದಲೇ ಬಂದಿತ್ತು. ಕಾರು. ದೊಡ್ಡ ಹೊಲದವರ ಮನೆಯ ಇಂಜಿನಿಯರ್ ಮಗ, ಹೆಂಡತಿ. ಒಳದಾರಿಯಲ್ಲಿ ಬಂದು ಸೀದಾ ಮನೆ ಸೇರಿದರು. ಬೆಳಿಗ್ಗೆ ಊರಿಗೆಲ್ಲ ಗೊತ್ತು. ಯಾರೂ ಪಂಚಾಯ್ತಿಗೆ ಫೋನ್ ಮಾಡಲಿಲ್ಲ, ಹಾಲು ಹಾಕುವವನು ದಿನದಂತೆ ಹಾಲು ಹಾಕಿದ. ನಾನು ನೋಡಲ್ ಅಧಿಕಾರಿಗೆ ಹೇಳಿದೆ. ಬಂದರು, ಬಾಗಿಲಿಗೆ ಸ್ಟಿಕರ್ ಅಂಟಿಸಿದರು, ಹೋದರು. ಆ ಮನೆಯವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ, ಇರಲಿ.

ನನ್ನಜ್ಜಿ ಪ್ಲೇಗಿನ ಕಾಲದ ಸುದ್ದಿ ಹೇಳುತ್ತಿದ್ದಳು. ಇಲಿ ಸತ್ತು ಬಿದ್ದರೆ ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ಸಣ್ಣವನಿದ್ದಾಗ ಮಜಾ ಅನಿಸುತ್ತಿತ್ತು. ಹೊಲವೇ ಇಲ್ಲದವರು ಎಲ್ಲಿ ಹೋದರು ಅಂತ ಆಗ ನನಗೆ ಕೇಳಬೇಕು ಅನಿಸಲಿಲ್ಲ, ಅವಳೂ ಹೇಳಲಿಲ್ಲ. ಆ ಪ್ಲೇಗಿಗಾಗಿ ಬ್ರಿಟಿಷರು ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲೂ ಹೊರಗೆ ತೆಗೆದರು.

ರೋಗಕ್ಕೆ ಜಾತಿ ಇಲ್ಲ ಅಂತ ಆಗ ಎಲ್ಲರೂ ಹೇಳುತ್ತಿದ್ದರು. 1918ರ ಇನ್‌ಫ್ಲುಯೆಂಜಾದಲ್ಲಿ ಮುಂಬೈನ ಲೆಕ್ಕ ಹೀಗಿದೆ: ಯುರೋಪಿಯನ್ನರಲ್ಲಿ ಸಾವಿರಕ್ಕೆ ಸುಮಾರು 8 ಜನ ಸತ್ತರು, ಕೆಳಜಾತಿಯ ಹಿಂದೂಗಳಲ್ಲಿ ಸುಮಾರು 61. ವೈರಸ್ಸಿಗೆ ಜಾತಿ ಇಲ್ಲದಿರಬಹುದು. ಗಾಳಿ ಬೆಳಕಿಲ್ಲದ ಖೋಲಿಗೆ, ಅರ್ಧಹೊಟ್ಟೆಗೆ, ಸಿಗದ ಡಾಕ್ಟರಿಗೆ ಜಾತಿ ಇದೆ, ಅಲ್ವಾ?

ನಮ್ಮ ಕೇಂದ್ರದಲ್ಲಿ ಯಾರಿಗೂ ಪಾಸಿಟಿವ್ ಬರಲಿಲ್ಲ. ಅವಧಿ ಮುಗಿಸಿ ತಾಂಡಾಕ್ಕೆ ಹೋದರು. ಆದರೂ ಚಹಾದಂಗಡಿಯವನು ಎಷ್ಟೋ ವಾರ ಅವರನ್ನು ಕಟ್ಟೆ ಹತ್ತಲು ಬಿಡಲಿಲ್ಲ. ನರೇಗಾ ಕೆಲಸದಲ್ಲಿ ಅವರ ಜೊತೆ ಬುಟ್ಟಿ ಹಿಡಿಯಲು ಮಂದಿ ಒಪ್ಪಲಿಲ್ಲ. ನಾನೂ ಆಶಾ ಕಾರ್ಯಕರ್ತೆಯೂ ಹೋಗಿ ಜಗಳವಾಡಿದೆವು. ಕೆಲವರು ಒಪ್ಪಿದರು, ಕೆಲವರು ಕೆಲಸವನ್ನೇ ಬಿಟ್ಟರು. ದೀಪಾವಳಿ ಮುಗಿದ ಮೇಲೆ ತಾಂಡಾದ ಹೆಚ್ಚಿನವರು ಮತ್ತೆ ಪುಣೆ ಬಸ್ಸು ಹತ್ತಿದರು. ಇಂಜಿನಿಯರ್ ಹುಡುಗ ಮನೆಯಿಂದಲೇ ಕೆಲಸ ಮಾಡುತ್ತಾ ಮುಂದಿನ ವರ್ಷವೂ ಊರಲ್ಲೇ ಇದ್ದ.