ಗಾಡಿ ಮಧ್ಯದಲ್ಲಿದೆ ಕಣೋ

ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. ಅರಸೀಕೆರೆಯಲ್ಲಿ ಮದುವೆ ಊಟ ಮುಗಿಸಿ ಅಮ್ಮನನ್ನು ಕೂರಿಸಿಕೊಂಡು ತಿಪಟೂರಿಗೆ ವಾಪಸ್ ಬರುತ್ತಿದ್ದೆ. ಒಂದು ಹಂಪ್ ದಾಟಿ ಅರ್ಧ ಕಿಲೋಮೀಟರ್ ಕೂಡ ಆಗಿರಲಿಲ್ಲ, ಓಮ್ನಿ ಎರಡು ಸಲ ಬಿಕ್ಕಳಿಸಿ ನಿಂತುಬಿಟ್ಟಿತು. ಎಡಗಡೆ ಸೀಟಿನಿಂದ ಅಮ್ಮ ಅಂದಳು: "ಗಾಡಿ ಮಧ್ಯದಲ್ಲಿದೆ ಕಣೋ."

"ಗೊತ್ತಮ್ಮ, ಪಕ್ಕಕ್ಕೆ ತಳ್ತೀನಿ ಇರು" ಅಂದೆ. ಇಳಿದು ತಳ್ಳಿದೆ.

ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು. ಇನ್ನೊಂದು ಹಂಪ್, ಮತ್ತೆ ಅದೇ ಕಥೆ. ಮತ್ತೆ ಅಮ್ಮ, "ಮಧ್ಯದಲ್ಲಿದೆ ನೋಡೋ." ಈ ಸಲ ನನಗೆ ಸಿಟ್ಟು ಬಂತು. "ಲಾರಿಯವರು ನೋಡ್ಕೊಂಡು ಹೋಗ್ತಾರೆ, ನೀನು ಸುಮ್ನಿರಮ್ಮ ಸ್ವಲ್ಪ ಹೊತ್ತು" ಅಂದುಬಿಟ್ಟೆ. ಅವಳು ಸುಮ್ಮನಾದಳು. ಆಮೇಲೆ ಬುಧವಾರ ರಾತ್ರಿಯವರೆಗೂ ಗಾಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಗಾಡಿ 1998ರದ್ದು. ಅಪ್ಪ ಹೊಸದಾಗಿ ತಂದಿದ್ದು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇರುವ ಹಳೇ ಮಾಡೆಲ್. ಮುಂದಿನ ಸೀಟು ಎತ್ತಿದರೆ ಎಂಜಿನ್ ಕಾಣುತ್ತದೆ. ಬೇಸಿಗೆಯಲ್ಲಿ ದೂರದ ಪ್ರಯಾಣ ಹೋದರೆ ತೊಡೆಯ ಕೆಳಗೆ ಒಲೆ ಇಟ್ಟುಕೊಂಡ ಹಾಗೆ. ಆದರೂ ತೆಂಗಿನಕಾಯಿ ಮೂಟೆ, ನೆಂಟರು, ಆಸ್ಪತ್ರೆಗೆ ಹೊರಟ ಅಕ್ಕಪಕ್ಕದವರು ಎಲ್ಲರನ್ನೂ ಹೊತ್ತ ಗಾಡಿ ಅದು. ಅಪ್ಪ 2018ರಲ್ಲಿ ತೀರಿಕೊಂಡರು. ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಅದನ್ನು ಮಾರಲು ಮನಸ್ಸು ಬರಲಿಲ್ಲ. ನೋಡಿಕೊಳ್ಳುತ್ತಿದ್ದೇನೆ. ನೋಡಿಕೊಳ್ಳುತ್ತಿದ್ದೇನೆ ಅಂತ ಅಂದುಕೊಂಡಿದ್ದೆ.

ಸೋಮವಾರ ಗ್ಯಾರೇಜಿಗೆ ಬಿಟ್ಟೆ. ಅಲ್ಲಿರುವ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಒಳ್ಳೆಯ ಹುಡುಗ, ಕೈ ಚುರುಕು, ಬಿಚ್ಚಿದ ಬೋಲ್ಟನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿಡುತ್ತಾನೆ, ಅದು ನನಗೆ ತುಂಬಾ ಇಷ್ಟ. ಆದರೆ ಅವನು ಕೆಲಸ ಕಲಿಯುವ ಹೊತ್ತಿಗೆ ಕಾರ್ಬೊರೇಟರ್ ಗಾಡಿಗಳು ಕಮ್ಮಿಯಾಗಿದ್ದವು. ಪೆಟ್ರೋಲ್ ಬರ್ತಿಲ್ಲ ಅಂತ ಸರಿಯಾಗಿಯೇ ಹೇಳಿದ. ಫಿಲ್ಟರ್ ಬದಲಾಯಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ, ಪೆಟ್ರೋಲ್ ಪಂಪೂ ಹೊಸದು ಹಾಕಿದ. ಗ್ಯಾರೇಜಿನಿಂದ ಹೊರಗೆ ಬಂದು ಮೊದಲ ಹಂಪ್ ದಾಟಿದೆ. ನಿಂತಿತು.

ಮಂಗಳವಾರ ಇಬ್ಬರೂ ಸೀಟು ಎತ್ತಿಟ್ಟು, ಟಾರ್ಚ್ ಹಿಡಿದು ಕೂತೆವು. ಆಗ ಕಂಡಿದ್ದು ನೋಡಿ ನನಗೆ ದಿಗಿಲಾಯಿತು. ನಮ್ಮ ಗಾಡಿಯಲ್ಲಿ ನನಗೆ ಗೊತ್ತಿಲ್ಲದ್ದು ಎಷ್ಟೊಂದಿದೆ! ಪಂಪ್‌ನಿಂದ ಕಾರ್ಬೊರೇಟರ್‌ಗೆ ಹೋಗುವ ಪೈಪಿನ ನಡುವೆ ನಿಂಬೆಹಣ್ಣಿನ ಗಾತ್ರದ ಲೋಹದ ವಸ್ತು, ಅದರ ತಲೆಗೆ ಎರಡು ವೈರು, ಮೈಮೇಲೆ ಒಂದು ಬಾಣದ ಗುರುತು ಮತ್ತು 12 ವೋಲ್ಟ್ ಅನ್ನುವ ಬರಹ, ಅಷ್ಟೇ. ರೇಡಿಯೇಟರ್ ನೀರಿನ ಪೈಪಿನಲ್ಲಿ ಎರಡು ಕಡೆ ಟಿ ಜಾಯಿಂಟ್, ಆ ಎರಡನ್ನೂ ಒಂದು ತುಂಡು ಪೈಪ್ ಸೇರಿಸಿದೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲಿಗೂ ಸೇರದೆ ನೇತಾಡುವ ಎರಡು ಪಿನ್ನಿನ ಬಿಳಿ ಕಪ್ಲರ್. ಮ್ಯಾಟಿನ ಕೆಳಗೆ ಹಿಂದಕ್ಕೆ ಹೋಗಿ ಕತ್ತರಿಸಿಬಿಟ್ಟ ವೈರು. ಡ್ಯಾಶ್‌ಬೋರ್ಡಿನ ಕೆಳಗೆ, ಮೊಣಕಾಲಿಗೆ ತಾಗುವ ಜಾಗದಲ್ಲಿ, ಅಕ್ಷರ ಅಳಿಸಿಹೋದ ಒಂದು ಸ್ವಿಚ್. ಆ ಸ್ವಿಚ್ ಮೇಲೆ ನೂರಾರು ಸಲ ನನ್ನ ಕಣ್ಣು ಬಿದ್ದಿದೆ. ಹಳೇ ಫಾಗ್ ಲೈಟಿನದು ಇರಬೇಕು ಅಂದುಕೊಂಡು ಸುಮ್ಮನಿದ್ದೆ.

"ಇದೆಲ್ಲ ವೇಸ್ಟ್ ವೈರ್ ಅಣ್ಣ, ಕಟ್ ಮಾಡಿ ಕ್ಲೀನ್ ಮಾಡ್ಲಾ?" ಅಂದ ಹುಡುಗ. ಕಟ್ಟಿಂಗ್ ಪ್ಲೇಯರ್ ಕೈಯಲ್ಲೇ ಇತ್ತು. ನಾನು ಹೂಂ ಅನ್ನುವುದರಲ್ಲಿದ್ದೆ. ಯಾಕೋ "ಇವತ್ತು ಬೇಡ, ಮೊದ್ಲು ಏನು ಅಂತ ತಿಳ್ಕೊಳ್ಳೋಣ" ಅಂದೆ. ಎಲ್ಲದರ ಫೋಟೋ ತೆಗೆದುಕೊಂಡೆ, ಒಟ್ಟು ಏಳು.

ಬುಧವಾರ ಬೆಳಗ್ಗೆ ಆ ಫೋಟೋ ಹಿಡಿದುಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. "ಓಮ್ನಿನಾ? ಬರಲ್ಲ ಸಾರ್ ಈಗ." ನೋಡುವ ಮೊದಲೇ ಉತ್ತರ. 2019ರಲ್ಲಿ ಓಮ್ನಿ ತಯಾರಿಕೆ ನಿಂತಿದ್ದು ನಿಜ. ಆದರೆ 1984ರಿಂದ ಮೂವತ್ತೈದು ವರ್ಷ ತಯಾರಾದ ಗಾಡಿ ಒಂದೇ ದಿನಕ್ಕೆ ಮಾಯ ಆಗಿಬಿಡುತ್ತದಾ? ನಮ್ಮ ರಸ್ತೆಯಲ್ಲೇ ಇನ್ನೂ ನಾಲ್ಕು ಓಡಾಡುತ್ತಿವೆ. ಗಿರಾಕಿ ಕೈಯಲ್ಲಿರುವುದನ್ನು ಕಣ್ಣೆತ್ತಿ ನೋಡದೆ ಇಲ್ಲ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ, ಆ ದಿನವಂತೂ ಇನ್ನೂ ಆಗಲಿಲ್ಲ. ಬಲವಂತ ಮಾಡಿ ತೋರಿಸಿದ ಮೇಲೆ ಆ ಲೋಹದ ವಸ್ತು ನೋಡಿ "ಕಾರ್ಬೊರೇಟರ್ ಸಾಲಿನಾಯ್ಡ್" ಅಂದರು. ಅದಲ್ಲ. ಅದು ಕಾರ್ಬೊರೇಟರ್ ಮೈಗೇ ಸ್ಕ್ರೂ ಆಗಿ ಕೂರುತ್ತದೆ, ನಮ್ಮದರಲ್ಲಿ ಬೇರೆಯೇ ಇದೆ. ಇದು ಪೈಪಿನ ಮಧ್ಯೆ ಇದೆ.

ರಾತ್ರಿ ಊಟ ಆದ ಮೇಲೆ ಫೋಟೋಗಳನ್ನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡುತ್ತಾ ಕೂತಿದ್ದೆ. ಅಮ್ಮ ಮಜ್ಜಿಗೆ ತಂದಿಟ್ಟು, ಹಿಂದಿನಿಂದ ಬಗ್ಗಿ ನೋಡಿದಳು. ಆ ಸ್ವಿಚ್ಚಿನ ಫೋಟೋ ಇತ್ತು.

"ಅದನ್ನೇ ಅಲ್ವೇನೋ ನಾನು ಅವತ್ತು ಹೇಳಿದ್ದು."

"ಏನು ಹೇಳಿದ್ದೆ?"

"ಮಧ್ಯದಲ್ಲಿದೆ ಅಂತ. ಮೇಲೆ ಮಾಡಿದ್ರೆ ಪೆಟ್ರೋಲು, ಕೆಳಗೆ ಮಾಡಿದ್ರೆ ಗ್ಯಾಸು. ಗ್ಯಾಸಿಗೆ ಹಾಕೋ ಮುಂಚೆ ನಿಮ್ಮಪ್ಪ ಮಧ್ಯದಲ್ಲಿಟ್ಟು ಒಂದಷ್ಟು ದೂರ ಓಡಿಸೋರು. ಗಾಡಿ ಬಿಕ್ಕಳಿಸೋಕೆ ಶುರು ಮಾಡಿದ ತಕ್ಷಣ ಕೆಳಗೆ ಮಾಡೋರು. ಮರೆತ್ರೆ ನಿಂತೋಗೋದು. ಭಾನುವಾರ ಅದೇ ಸದ್ದು ಬಂತು."

ಗಾಡಿ ಮಧ್ಯದಲ್ಲಿದೆ ಕಣೋ. ನಾನು ರಸ್ತೆಯ ಮಧ್ಯ ಅಂದುಕೊಂಡಿದ್ದೆ.

ಗಾಡಿಗೆ ಗ್ಯಾಸ್ ಹಾಕಿಸಿದ್ದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ವಾಹನಗಳಿಗೆ ಎಲ್‌ಪಿಜಿ ಬಳಸಲು 2000ದಲ್ಲಿ ಕಾನೂನು ಒಪ್ಪಿಗೆ ಕೊಟ್ಟ ಮೇಲೆ ತುಂಬಾ ಜನ ಓಮ್ನಿಗೆ ಕಿಟ್ ಹಾಕಿಸಿದರು. ಅಪ್ಪ 2004ರಲ್ಲಿ ಹಾಕಿಸಿದರು. ಆಗ ನಾನು ಹಾಸ್ಟೆಲ್‌ನಲ್ಲಿದ್ದೆ, ಆಮೇಲೆ ಬೆಂಗಳೂರು. ರಜೆಗೆ ಬಂದಾಗ ಹಿಂದೆ ಟ್ಯಾಂಕ್ ನೋಡಿದ್ದೆ. ಗಾಡಿ ಓಡಿಸುತ್ತಿದ್ದವರು ಅಪ್ಪ ಒಬ್ಬರೇ. ಆ ಟ್ಯಾಂಕನ್ನು ಐದು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು. 2014ರಲ್ಲಿ ಎರಡನೇ ಟೆಸ್ಟ್ ಬಂದಾಗ ಸಾಕು ಅನ್ನಿಸಿ ಟ್ಯಾಂಕ್ ತೆಗೆಸಿಬಿಟ್ಟರು. ಟ್ಯಾಂಕ್ ಹೋಯಿತು ಅಂದರೆ ಗ್ಯಾಸಿನ ಕಥೆ ಮುಗಿಯಿತು ಅಂತ ನಾನು ತಿಳಿದಿದ್ದೆ.

ಗುರುವಾರ ಬೆಳಗ್ಗೆ ಅಮ್ಮನನ್ನೂ ಕರೆದುಕೊಂಡು ಹಳೇ ಎಲೆಕ್ಟ್ರಿಷಿಯನ್ ಸಾಬ್ರ ಹತ್ತಿರ ಹೋದೆ. ಹಂಪ್ ಬಂದಲ್ಲೆಲ್ಲ ಆಮೆಯ ಹಾಗೆ ದಾಟಿಸಿಕೊಂಡು ಹೋದೆ. ಅರವತ್ತು ದಾಟಿದ ಮನುಷ್ಯ, ಜಾಸ್ತಿ ಮಾತಿಲ್ಲ. ಅಮ್ಮ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಸೀಟು ಎತ್ತಿದರು. ಟೆಸ್ಟ್ ಲ್ಯಾಂಪಿನ ಕ್ಲಿಪ್ ಬಾಡಿಗೆ ಸಿಕ್ಕಿಸಿ, ಮುಳ್ಳನ್ನು ಆ ಲೋಹದ ವಸ್ತುವಿನ ವೈರಿಗೆ ಇಟ್ಟು, ಕೀ ಆನ್ ಮಾಡಿ ಅಂದರು. ಲ್ಯಾಂಪ್ ಉರಿಯಿತು. ಸ್ವಿಚ್ಚಿನಿಂದ ಅದಕ್ಕೆ ಬರುವ ವೈರನ್ನು ಬೆರಳಿನಿಂದ ಅಲ್ಲಾಡಿಸಿದರು. ಆರಿತು. ಮತ್ತೆ ಅಲ್ಲಾಡಿಸಿದರು. ಉರಿಯಿತು. "ಅಮ್ಮ ಹೇಳಿದ್ದೇ ಸ್ವಾಮಿ" ಅಂದರು, ಅಷ್ಟೇ.

ಅದು ಪೆಟ್ರೋಲ್ ವಾಲ್ವ್. ಗ್ಯಾಸಿನಲ್ಲಿ ಓಡುವಾಗ ಪೆಟ್ರೋಲ್ ಬರಬಾರದಲ್ಲ, ಅದನ್ನು ತಡೆಯುವುದಕ್ಕೆ ಇಟ್ಟಿರುವುದು. ಕರೆಂಟ್ ಬಂದರೆ ಮಾತ್ರ ತೆರೆಯುತ್ತದೆ, ಹೋದರೆ ಮುಚ್ಚಿಕೊಳ್ಳುತ್ತದೆ. ಸ್ವಿಚ್ ಮೇಲಿದ್ದರೆ ಇದಕ್ಕೆ ಕರೆಂಟ್, ಕೆಳಗಿದ್ದರೆ ಗ್ಯಾಸಿನ ವಾಲ್ವಿಗೆ, ಮಧ್ಯದಲ್ಲಿದ್ದರೆ ಎರಡಕ್ಕೂ ಇಲ್ಲ. ಆಗ ಕಾರ್ಬೊರೇಟರ್ ಬಟ್ಟಲಿನಲ್ಲಿ ಉಳಿದಿರುವ ಪೆಟ್ರೋಲ್ ಮುಗಿಯುವವರೆಗೆ ಗಾಡಿ ಓಡುತ್ತದೆ, ಮುಗಿಯುವಾಗ ಬಿಕ್ಕಳಿಸುತ್ತದೆ. ಅದಕ್ಕೇ ಹಂಪ್‌ನಲ್ಲಿ ಕುಲುಕಿ ವೈರ್ ಬಿಟ್ಟರೂ ಅರ್ಧ ಕಿಲೋಮೀಟರ್ ಬಿಟ್ಟು ನಿಲ್ಲುತ್ತಿದ್ದದ್ದು. ಸ್ವಿಚ್ ಮೇಲೇ ಇತ್ತು, ಆದರೆ ಗಾಡಿ ಮಧ್ಯದಲ್ಲಿತ್ತು. ಅಮ್ಮ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ.

ಉಳಿದಿದ್ದಕ್ಕೂ ಒಂದೊಂದಾಗಿ ಹೆಸರು ಸಿಕ್ಕಿತು. ಎರಡು ಟಿ ಜಾಯಿಂಟ್ ಇದ್ದದ್ದು, ದ್ರವ ಗ್ಯಾಸನ್ನು ಆವಿ ಮಾಡುವ ವೇಪರೈಸರ್‌ಗೆ ಬಿಸಿನೀರು ಹೋಗಿ ಬರುವುದಕ್ಕೆ. ದ್ರವ ಗ್ಯಾಸು ಆವಿಯಾಗುವಾಗ ತಣ್ಣಗಾಗಿ ಹೆಪ್ಪುಗಟ್ಟದಿರಲಿ ಅಂತ ಎಂಜಿನ್ನಿನ ಬಿಸಿನೀರನ್ನು ಅದರ ಸುತ್ತ ಹರಿಸುತ್ತಾರೆ. ಬಿಳಿ ಕಪ್ಲರ್ ಗ್ಯಾಸ್ ವಾಲ್ವಿನದು. ಹಿಂದಕ್ಕೆ ಹೋಗುವ ವೈರ್ ಟ್ಯಾಂಕಿನದು. ಕಂಪನಿ ವೈರ್ ಯಾವುದು, ಆಮೇಲೆ ಹಾಕಿದ್ದು ಯಾವುದು ಅಂತ ಗುರುತಿಸುವುದನ್ನೂ ಸಾಬ್ರು ತೋರಿಸಿಕೊಟ್ಟರು. ಕಂಪನಿಯದಾದರೆ ಹೆಚ್ಚಾಗಿ ಬಣ್ಣದ ಮೇಲೆ ಇನ್ನೊಂದು ಬಣ್ಣದ ಗೆರೆ ಇರುತ್ತದೆ, ಕಪ್ಲರ್ ಒಳಗೆ ಪಿನ್ ಒತ್ತಿ ಕೂರಿಸಿರುತ್ತಾರೆ. ಹೊರಗಡೆ ಹಾಕಿದ್ದಾದರೆ ಬರೀ ಕೆಂಪು, ಬರೀ ಕಪ್ಪು, ತಿರುಚಿ ಟೇಪ್ ಸುತ್ತಿರುತ್ತಾರೆ. ನಮ್ಮ ಜಾಯಿಂಟ್ ಬಿಚ್ಚಿದಾಗ ಟೇಪಿನ ಗೋಂದು ಕರಗಿ ಅಂಟಂಟಾಗಿತ್ತು, ತಾಮ್ರ ಹಸಿರಾಗಿತ್ತು.

ಟ್ಯಾಂಕ್ ತೆಗೆದವರ ಮೇಲೆ ನನಗೆ ಇವತ್ತಿಗೂ ಬೇಜಾರಿದೆ. ಟ್ಯಾಂಕ್, ವೇಪರೈಸರ್ ಬಿಚ್ಚಿಕೊಂಡರು. ವಾಲ್ವ್ ಮಾತ್ರ ಬಿಟ್ಟರು, ಅದನ್ನು ತೆಗೆದರೆ ಹೊಸ ಪೈಪ್ ಹಾಕಬೇಕಲ್ಲ. ಎರಡಡಿ ಪೈಪಿನ ಕೆಲಸ. ಬಿಟ್ಟರೂ ಪರವಾಗಿಲ್ಲ, "ಇಲ್ಲೊಂದು ವಾಲ್ವ್ ಇದೆ" ಅಂತ ಒಂದು ಮಾತು ಹೇಳಬಹುದಿತ್ತು. ಹುಡುಗ ಆ ವೈರ್ ಕಟ್ ಮಾಡಿದ್ದರೆ ಗಾಡಿ ಅಲ್ಲೇ ಪೂರ್ತಿ ನಿಲ್ಲುತ್ತಿತ್ತು, ಆಮೇಲೆ ಇನ್ನೇನೇನು ಬದಲಾಯಿಸುತ್ತಿದ್ದೆವೋ.

ಆದರೆ ಅವರಿಗಿಂತ ಜಾಸ್ತಿ ನನ್ನನ್ನು ಕಾಡುತ್ತಿರುವುದು ಬೇರೆ. ನಾನು ಹುಡುಗನನ್ನು ಕೇಳಿದೆ, ಅಂಗಡಿಯವರನ್ನು ಕೇಳಿದೆ. ಆ ಗಾಡಿಯಲ್ಲಿ ಇಪ್ಪತ್ತು ವರ್ಷ ಎಡಗಡೆ ಸೀಟಿನಲ್ಲಿ ಕೂತವಳನ್ನು ಕೇಳಲಿಲ್ಲ. ಸ್ಟೇರಿಂಗ್ ಹಿಡಿದಿಲ್ಲ ಅಂದ ಮಾತ್ರಕ್ಕೆ ಗಾಡಿ ಗೊತ್ತಿಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವಳು ಕೇಳದೆಯೇ ಹೇಳಿದಳು, ಎರಡು ಸಲ ಹೇಳಿದಳು. ನಾನು ಸುಮ್ನಿರು ಅಂದೆ.

ನಮ್ಮ ಹಳ್ಳಿಯಲ್ಲಿ ಒಬ್ಬರು ನೀರುಗಂಟಿ ಇದ್ದರು. ಯಾವ ಬೀದಿಯ ಪೈಪ್ ಯಾವ ಮರದ ಬುಡದಲ್ಲಿ ತಿರುಗುತ್ತದೆ, ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಬೀದಿಗೆ ನೀರು ಹತ್ತುತ್ತದೆ, ಎಲ್ಲ ಅವರ ತಲೆಯಲ್ಲಿತ್ತು. ಅವರು ಕೆಲಸ ಬಿಟ್ಟ ವರ್ಷ ಒಂದು ಸೋರಿಕೆ ಹುಡುಕಲು ರಸ್ತೆಯನ್ನು ನಾಲ್ಕು ಕಡೆ ಅಗೆದರು. ಅವರ ಮನೆ ಅಲ್ಲೇ ಮೂರನೇ ಬೀದಿಯಲ್ಲಿತ್ತು. ಜಗುಲಿಯ ಮೇಲೆ ಕೂತು ನೋಡುತ್ತಿದ್ದರು. ಯಾರಾದರೂ ಹೋಗಿ ಕೇಳಿದರಾ? ಆಗ ಅದು ನನಗೆ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಈ ವಾರ ಅವರ ಮುಖ ಪದೇ ಪದೇ ನೆನಪಾಗುತ್ತಿದೆ. ಗೊತ್ತಿದ್ದೂ ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಲ್ವಾ? ಅಮ್ಮ ಸೋಮವಾರದಿಂದ ಬುಧವಾರದವರೆಗೆ ನನಗೆ ಕಾಫಿ ಕೊಡುತ್ತಾ, ಊಟ ಬಡಿಸುತ್ತಾ, ಅದನ್ನು ಒಳಗೇ ಇಟ್ಟುಕೊಂಡಿದ್ದಳು.

ಅವಳ ಹತ್ತಿರ ತಪ್ಪಾಯಿತು ಅಂದೆ. "ಅಯ್ಯೋ, ಅದಕ್ಕೇನಂತೆ ಬಿಡು" ಅಂದಳು.

ಸಾಬ್ರು ವಾಲ್ವ್ ತೆಗೆದು ನೇರ ಪೈಪ್ ಹಾಕಿದರು, ವೈರ್ ಬುಡದಿಂದಲೇ ಬಿಚ್ಚಿದರು. ಸ್ವಿಚ್ಚನ್ನೂ ತೆಗೆಯಲು ಹೋದಾಗ ಅಮ್ಮ "ಅದಿರ್ಲಿ ಬಿಡಿ ಸಾಬ್ರೇ" ಅಂದಳು. ಅವರು ಯಾಕೆ ಅಂತ ಕೇಳಲಿಲ್ಲ. ಈಗ ಯಾವ ವೈರೂ ಇಲ್ಲದ ಸ್ವಿಚ್ ಅಲ್ಲೇ ಇದೆ.

ಇವತ್ತು ಸಂಜೆ ಬಿಳಿ ಟೇಪಿನ ಸುರುಳಿ, ಪೆನ್ನು ಹಿಡಿದುಕೊಂಡು ಗಾಡಿಯಲ್ಲಿ ಕೂತೆ. ಅಮ್ಮ ಅವಳ ಸೀಟಿನಲ್ಲಿ ಕೂತಳು. ಒಂದೊಂದನ್ನೇ ಮುಟ್ಟಿ ಕೇಳುತ್ತಾ ಹೋದೆ, ಹೇಳಿದ್ದನ್ನು ಬರೆದು ಸುತ್ತಿದೆ. ಮೇಲ್ಗಡೆ ಲೈಟಿನ ಪಕ್ಕದ ಹಳದಿ ವೈರ್ ಅಕ್ಕನ ಮದುವೆಯಲ್ಲಿ ಸೀರಿಯಲ್ ಸೆಟ್ ಹಾಕಿಸಿದ್ದಂತೆ. ಹಾರ್ನ್ ಹತ್ತಿರ ಇರುವ ಎರಡನೇ ಹಾರ್ನಿನ ವೈರ್, ಘಾಟಿ ರಸ್ತೆಯಲ್ಲಿ ಧರ್ಮಸ್ಥಳಕ್ಕೆ ಹೋಗುವ ಮುಂಚೆ ಹಾಕಿಸಿದ್ದಂತೆ. ಹಿಂದಿನ ಬಾಗಿಲಿನ ಬಳಿ ಒಂದು ನೀಲಿ ವೈರ್ ಇತ್ತು, ತುದಿಗೆ ಟೇಪ್ ಅಚ್ಚುಕಟ್ಟಾಗಿ ಸುತ್ತಿತ್ತು.

ಅಮ್ಮ ಅದನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದಳು.

"ಇದು ಗೊತ್ತಿಲ್ಲ ಕಣೋ. ನಾನು ಜೊತೇಲಿ ಇಲ್ದಿದ್ದ ದಿನ ಹಾಕ್ಸಿರಬೇಕು."