ಎತ್ತಿದೀನಲ್ಲ ಡಾಕ್ಟ್ರೇ

"ಕೈ ಎತ್ತಿ ಸಾರ್" ಅಂದ್ರು ಡಾಕ್ಟ್ರು. "ಎತ್ತಿದೀನಲ್ಲ" ಅಂದ್ರು ಅಪ್ಪ. ಕೈ ಮಾತ್ರ ಬಾಡಿದ ಬಾಳೆಎಲೆ ಥರ ಮಣಿಕಟ್ಟಿಂದ ಕೆಳಗೆ ಜೋತುಬಿದ್ದಿತ್ತು.

ಸೋಮವಾರದಿಂದ ಇದೊಂದೇ ಸೀನು ತಲೇಲಿ ಓಡ್ತಿದೆ.

ಭಾನುವಾರ ರಾತ್ರಿ ಮದುವೆ ಛತ್ರದಲ್ಲಿ ಹಾಸಿಗೆ ಸಾಲದೆ ಅಪ್ಪ ಚೇರಲ್ಲೇ ಕೂತು, ಬಲತೋಳನ್ನ ಪಕ್ಕದ ಚೇರಿನ ಬೆನ್ನಿಗೆ ನೇತುಹಾಕ್ಕೊಂಡು ನಿದ್ದೆ ಹೋಗಿದಾರೆ, ಬೆಳಿಗ್ಗೆ ಕಾಫಿ ಲೋಟ ಹಿಡಿಯೋಕೆ ಹೋದ್ರೆ ಕೈ ಏಳ್ತಾನೇ ಇಲ್ಲ. ಚಿಕ್ಕಪ್ಪ ಅಲ್ಲೇ "ಲಕ್ವ ಹೊಡ್ದಿದೆ" ಅಂತ ತೀರ್ಪು ಕೊಟ್ಟು, ಎಣ್ಣೆ ತಿಕ್ಕೋರ ನಂಬರ್ ಹುಡುಕೋಕೆ ಶುರು ಮಾಡಿದ್ರು. ಅವ್ರು ಹಾಗೇ, ಯಾವ ಮನೆಗೆ ಹೋದ್ರೂ ಒಂದು ಕಾಯಿಲೆ ಹೇಳಿ ಬರೋ ಮನುಷ್ಯ. ನಾನು ಜಗಳ ಮಾಡಿ, ಧಾರೆ ಕೂಡ ನೋಡ್ದೆ ಅಪ್ಪನ್ನ ಕಾರಿಗೆ ಹತ್ತಿಸ್ದೆ.

ಡಾಕ್ಟ್ರು ಹಲ್ಲು ತೋರ್ಸಿ ಅಂದ್ರು, ಮಾತಾಡ್ಸಿದ್ರು, ಮೊಣಕೈ ನೇರ ಮಾಡ್ಸಿದ್ರು, ಎಲ್ಲಾ ಸರಿ ಇತ್ತು. ಹೆಬ್ಬೆರಳು ತೋರುಬೆರಳಿನ ಮಧ್ಯೆ, ಕೈಯ ಹಿಂಬದಿ ಮಾತ್ರ ಜೋಮು. "ಲಕ್ವ ಅಲ್ಲ, ಮಣಿಕಟ್ಟು ಎತ್ತಿಸೋ ರೇಡಿಯಲ್ ನರ ಒತ್ತಿಹೋಗಿದೆ" ಅಂದ್ರು. ಈ ನರ ತೋಳಿನ ಮೂಳೆನ ಹಿಂದಿನಿಂದ ಸುತ್ಕೊಂಡು ಕೆಳಗೆ ಬರುತ್ತಂತೆ, ಅಲ್ಲಿ ಮೂಳೆಗೂ ಚೇರಿಗೂ ಮಧ್ಯೆ ಗಂಟೆಗಟ್ಲೆ ಸಿಕ್ಕಿಹಾಕ್ಕೊಂಡಿದೆ. ಇದಕ್ಕೆ ಇಂಗ್ಲಿಷಲ್ಲಿ ಸ್ಯಾಟರ್ಡೇ ನೈಟ್ ಪಾಲ್ಸಿ ಅಂತಾರೆ, ಶನಿವಾರ ಕುಡಿದು ಹೀಗೆ ಮಲಗೋರಿಗೆ ಬರೋದು ಅಂತ ಡಾಕ್ಟ್ರು ನಕ್ರು. ಜನ್ಮದಲ್ಲಿ ಒಂದು ಹನಿ ಮುಟ್ಟದ ಅಪ್ಪ ಸಿಟ್ಟಾಗಿ "ನಿನ್ನೆ ಭಾನುವಾರ" ಅಂದ್ರು.

ಆಮೇಲೆ ತಮಾಷೆ ನೋಡಿ. "ನನ್ನ ಬೆರಳು ಗಟ್ಟಿ ಹಿಡೀರಿ" ಅಂದ್ರು, ಅಪ್ಪನ ಹಿಡಿತ ಮಗು ಹಿಡಿದಂಗೆ. ಆಗ ಡಾಕ್ಟ್ರು ಅಪ್ಪನ ಮಣಿಕಟ್ಟನ್ನ ತಾವೇ ಕೆಳಗಿಂದ ಎತ್ತಿ ಹಿಡಿದು "ಈಗ ಹಿಡೀರಿ" ಅಂದ್ರೆ, ಗಪ್ ಅಂತ ಹಿಡಿದ್ರು! ಬೆರಳು ಮಡಚೋ ನರ ಬೇರೆ, ಅದಕ್ಕೇನೂ ಆಗಿಲ್ಲ. ಆದ್ರೆ ಬೆರಳನ್ನ ಮಡಚೋ ದೊಡ್ಡ ಸ್ನಾಯುಗಳು ಇರೋದು ಮುಂಗೈಯಲ್ಲಿ, ಅಲ್ಲಿಂದ ಹಗ್ಗ ಎಳೆದಂಗೆ ಬೆರಳನ್ನ ಎಳೀತವೆ, ಮಣಿಕಟ್ಟು ಕೆಳಗೆ ಬಿದ್ರೆ ಹಗ್ಗ ಸಡಿಲ. ನೀವೇ ಕೈನ ಪೂರ್ತಿ ಕೆಳಗೆ ಬಗ್ಗಿಸಿ ಮುಷ್ಟಿ ಕಟ್ಟಿ ನೋಡಿ, ಬಲವೇ ಬರಲ್ಲ. ನಾನು ವಾಪಸ್ ಬರ್ತಾ ಸಿಗ್ನಲ್‌ನಲ್ಲೆಲ್ಲಾ ಇದನ್ನೇ ಮಾಡ್ತಿದ್ದೆ, ಪಕ್ಕದ ಆಟೋದವ್ರು ವಿಚಿತ್ರವಾಗಿ ನೋಡಿದ್ರು.

ಸ್ನಾಯುಗೆ ಎಳೆಯೋದು ಬಿಟ್ರೆ ಬೇರೇನೂ ಬರಲ್ಲವಂತೆ, ತಳ್ಳೋಕೆ ಬರಲ್ಲ. ಒಂದು ಮಡಚಿದ್ರೆ ಬಿಡಿಸೋಕೆ ಆಚೆ ಬದಿಯ ಇನ್ನೊಂದೇ ಎಳೀಬೇಕು. ಅದೂ ಅಪ್ಪಣೆ ಬಂದ್ರೆ ಮಾತ್ರ. ನರದ ಕರೆಂಟು ಸ್ನಾಯು ಹತ್ರ ಬಂದು ನಿಲ್ಲುತ್ತೆ, ತುದೀಲಿ ಅಸೆಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಚಿಮ್ಮಿ, ಆಮೇಲೆ ಸ್ನಾಯು ಒಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ, ಅದರ ಎಳೆಗಳು ಒಂದರೊಳಗೊಂದು ಜಾರಿ ಸ್ನಾಯು ಗಿಡ್ಡ ಆಗುತ್ತೆ. ಇಷ್ಟೆಲ್ಲಾ ಒಂದು ಲೋಟ ಎತ್ತೋಕೆ! ಅಪ್ಪನ ತಲೆಯಿಂದ ಅಪ್ಪಣೆ ಹೊರಟಿತ್ತು, ಅದಕ್ಕೇ "ಎತ್ತಿದೀನಲ್ಲ" ಅಂದಿದ್ದು, ಸುಳ್ಳಲ್ಲ. ತೋಳಿನ ಹತ್ರ ದಾರಿ ಬಂದ್. ಮನೇಲಿ ಅರ್ಧ ಮಾತಲ್ಲಿ ಎಲ್ಲರನ್ನೂ ಎಬ್ಬಿಸಿ ಕೂರಿಸಿದ ಮನುಷ್ಯನಿಗೆ ಸ್ವಂತ ಕೈ ಮಾತು ಕೇಳ್ತಿಲ್ಲ ಅನ್ನೋದು ಆ ಮುಖದಲ್ಲಿ ಕಾಣ್ತಿತ್ತು, ನಾನು ಕಿಟಕಿ ಕಡೆ ತಿರುಗಿಬಿಟ್ಟೆ.

ನರದ ಹೊದಿಕೆ ಅಷ್ಟೇ ಜಜ್ಜಿದ್ರೆ ಕೆಲವು ವಾರದಲ್ಲಿ ಸರಿಹೋಗುತ್ತೆ, ಒಳಗಿನ ಎಳೆಯೇ ಕಡಿದಿದ್ರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಲೆಕ್ಕದಲ್ಲಿ ಬೆಳೀಬೇಕು. ಹೊದಿಕೆಯೇ ಇರ್ಬೇಕು ಅಂದಿದಾರೆ ಡಾಕ್ಟ್ರು. ಈಗ ಕೈಗೆ ಸ್ಪ್ಲಿಂಟ್, ಅಂದ್ರೆ ಮಣಿಕಟ್ಟು ಜೋತುಬೀಳದಂಗೆ ಹಿಡಿಯೋ ಪಟ್ಟಿ, ಕಟ್ಟಿದೆ.

ನಿನ್ನೆ ರಾತ್ರಿ ಅದನ್ನ ಬಿಚ್ಚಿ, ಕೈನ ದಿಂಬಿನ ಮೇಲಿಟ್ಕೊಂಡು ಕೂತಿದ್ರು. ನನ್ನ ಕರೆದು "ನಿನ್ನ ಕೈ ಒಂದ್ಸಲ ಎತ್ತು ನೋಡಣ" ಅಂದ್ರು. ಎತ್ತಿದೆ. "ಇನ್ನೊಂದ್ಸಲ, ನಿಧಾನಕ್ಕೆ." ಹತ್ತು ಸಲ ಎತ್ತಿಸಿದ್ರು. ನನ್ನ ಕೈ ನೋಡೋದು, ತಮ್ಮದನ್ನ ನೋಡೋದು.