ಹಳೆಯ ಡರ್ಟ್ ಬೈಕಿನ ಏರ್ ಫಿಲ್ಟರ್: ತೊಳೆದ ಮೇಲೆ ಬದಲಾಯಿಸಿದ್ದು

14 ಸೆಪ್ಟೆಂಬರ್ 2024, ಶನಿವಾರ

ಇಂದು ಬೆಳಿಗ್ಗೆ ಬೈಕಿನ ಏರ್‌ಬಾಕ್ಸ್ (ಫಿಲ್ಟರ್ ಕೂರುವ ಡಬ್ಬಿ) ಬಿಚ್ಚಿ ಫಿಲ್ಟರ್ ಹೊರತೆಗೆದೆ. ಇದು 1970ರ ದಶಕದ, 250 ಸಿಸಿಯ ಟೂ ಸ್ಟ್ರೋಕ್ ಗಾಡಿ; ಯಮಹಾದ ಡಿಟಿ-1 (1968), ಹೋಂಡಾದ ಎಲ್ಸಿನೋರ್ (1973) ಮಣ್ಣಿನ ದಾರಿಗೆ ಇಳಿದ ಕಾಲದ ಪೀಳಿಗೆ. ಇಂಥ ಎಂಜಿನ್‌ನಲ್ಲಿ ಹೊರಗಿನ ಗಾಳಿ ನೇರವಾಗಿ ಸಿಲಿಂಡರಿಗೆ ಹೋಗದೆ, ಪೆಟ್ರೋಲ್ ಮತ್ತು ಆಯಿಲ್‌ನೊಂದಿಗೆ ಬೆರೆತು ಮೊದಲು ಎಂಜಿನ್ ತಳದ ಕೋಣೆಯಾದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ, ಆಮೇಲಷ್ಟೇ ಮೇಲೇರುತ್ತದೆ. ಆದ್ದರಿಂದ ಫಿಲ್ಟರ್ ತಪ್ಪಿಸಿಕೊಂಡು ಬಂದ ಧೂಳು ಪಿಸ್ಟನ್ ಮತ್ತು ರಿಂಗ್‌ಗಳ ಜೊತೆಗೆ ಕ್ರ್ಯಾಂಕ್ ಬೇರಿಂಗ್‌ಗಳನ್ನೂ ಸವೆಸುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿಯುವುದಕ್ಕೆ ಸುಮಾರು 9,000 ಲೀಟರ್ ಗಾಳಿ ಬೇಕಾಗುತ್ತದೆ ಎಂಬುದನ್ನೂ, ಮರಳಿನ ಕಣ ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ ಎಂಬುದನ್ನೂ ಜೊತೆಗಿಟ್ಟು ನೋಡಿದರೆ, ಈ ಸಣ್ಣ ಫೋಮ್ ತುಂಡಿನ ಮೇಲೆ ಎಷ್ಟು ಹೊಣೆಯಿದೆ ಎಂದು ತಿಳಿಯುತ್ತದೆ.

ಫಿಲ್ಟರ್ ಎಳೆಯುವ ಮುನ್ನ ಏರ್‌ಬಾಕ್ಸಿನ ಒಳಗನ್ನು ಒರೆಸಿದೆ. ಎಳೆದ ಕೂಡಲೇ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಕಡೆಗೆ ಹೋಗುವ ರಬ್ಬರ್ ಬೂಟಿನ (ಕೊಳವೆಯ) ಬಾಯಿಗೆ ಶುದ್ಧವಾದ ಬಟ್ಟೆ ತುರುಕಿದೆ. ಫೋಮ್ ಕಳಚುವಾಗ ಉದುರುವ ಧೂಳು ಒಳಗೆ ಬಿದ್ದರೆ, ಮುಂದಿನ ಬಾರಿ ಎಂಜಿನ್ ಚಾಲೂ ಆದಾಗ ಅದು ಯಾವ ತಡೆಯೂ ಇಲ್ಲದೆ ಒಳಸೇರುತ್ತದೆ.

ತೊಳೆಯುವುದಕ್ಕೆ ಪೆಟ್ರೋಲ್ ಬಳಸುವ ರೂಢಿ ಇನ್ನೂ ಹಲವರಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಬೆಂಕಿಯ ಅಪಾಯ ಒಂದು ಕಡೆಗಿರಲಿ, ಪೆಟ್ರೋಲ್ ಫೋಮಿನ ಅಂಟಿನ ಜೋಡಣೆಯನ್ನೂ ಸಡಿಲಗೊಳಿಸುತ್ತದೆ. ಫಿಲ್ಟರ್ ತೊಳೆಯಲೆಂದೇ ಸಿಗುವ ದ್ರಾವಣದಲ್ಲಿ ಅದ್ದಿ, ಹಳೆಯ ಎಣ್ಣೆ ಕರಗುವವರೆಗೆ ಅಂಗೈಗಳ ನಡುವೆ ಮೆಲ್ಲಗೆ ಅದುಮಿ ಬಿಟ್ಟು ಮಾಡಿದೆ. ಬಳಿಕ ಉಗುರುಬೆಚ್ಚಗಿನ ಸೋಪಿನ ನೀರು, ಕೊನೆಗೆ ಬರೀ ನೀರು. ಒದ್ದೆ ಬಟ್ಟೆಯಂತೆ ಹಿಂಡಿ ತಿರುಚಿದರೆ ಜೋಡಣೆ ಬಿರಿಯುತ್ತದೆ, ಆದ್ದರಿಂದ ಅದುಮುವುದಷ್ಟೇ ಸರಿ. ಒಳಬದಿಯಿಂದ ಹೊರಕ್ಕೆ ನೀರು ಹಾಯಿಸಿದರೆ ಹೊರಮೈಗೆ ಅಂಟಿದ ಮಣ್ಣು ಒಳಕ್ಕೆ ಹೋಗುವುದಿಲ್ಲ. ನೆರಳಿನಲ್ಲಿ ಪೂರ್ತಿ ಒಣಗಲು ಬಿಟ್ಟೆ.

ಎಣ್ಣೆ ಮತ್ತು ಕೊಳೆ ತುಂಬಿದ್ದಾಗ ಯಾವ ಫೋಮಾದರೂ ಗಟ್ಟಿಮುಟ್ಟಾಗಿ ಕಾಣುತ್ತದೆ. ಅದರ ನಿಜವಾದ ಸ್ಥಿತಿ ಕಾಣುವುದು ಒಣಗಿದ ಮೇಲೆಯೇ. ಪಾಲಿಯುರಿಥೇನ್ ಫೋಮ್ ತೇವ ಮತ್ತು ಬಿಸಿಗೆ ವರ್ಷಗಟ್ಟಲೆ ಸಿಕ್ಕಿ ಕ್ರಮೇಣ ಒಡೆಯುತ್ತದೆ: ಕೆಲವೊಮ್ಮೆ ಜಿಗುಟಾಗುತ್ತದೆ, ಕೆಲವೊಮ್ಮೆ ಪುಡಿಯಾಗುತ್ತದೆ. ಇಂದು ಒಣಗಿದ ಫೋಮನ್ನು ಬೆರಳಿನಿಂದ ಒತ್ತಿದರೆ ತಗ್ಗು ತಗ್ಗಾಗಿಯೇ ಉಳಿಯಿತು. ಬೆಳಕಿಗೆ ಹಿಡಿದಾಗ ಜೋಡಣೆಯ ಉದ್ದಕ್ಕೂ ಸಣ್ಣ ಬಿರುಕು ಕಾಣಿಸಿತು, ಅಂಚನ್ನು ಉಜ್ಜಿದರೆ ಹಳದಿ ಹುಡಿ ಬೆರಳಿಗಂಟಿತು. ಇಂಥದನ್ನು ಮತ್ತೆ ಎಣ್ಣೆ ಹಾಕಿ ಕೂರಿಸಬಾರದು, ಏಕೆಂದರೆ ಫೋಮಿನ ಚೂರುಗಳೇ ಕಾರ್ಬ್ಯುರೇಟರಿನೊಳಗೆ ಸೆಳೆದುಹೋಗುತ್ತವೆ. ಅದನ್ನು ಕಸಕ್ಕೆ ಹಾಕಿ, ತರಿಸಿಟ್ಟಿದ್ದ ಹೊಸದನ್ನು ಕೈಗೆತ್ತಿಕೊಂಡೆ.

ಒಣ ಫೋಮ್ ಸಣ್ಣ ಧೂಳನ್ನು ತಡೆಯಲಾರದು. ಧೂಳನ್ನು ಹಿಡಿಯುವುದು ಅದರ ಎಳೆಗಳಿಗೆ ಅಂಟಿದ ಜಿಗುಟಾದ ಫಿಲ್ಟರ್ ಆಯಿಲ್. ಹೊಸ ಫೋಮಿಗೆ ಆಯಿಲ್ ಸುರಿದು, ಎಲ್ಲೆಡೆ ಒಂದೇ ಬಣ್ಣ ಬರುವವರೆಗೆ ನಾದಿ, ಹೆಚ್ಚಿನದನ್ನು ಅದುಮಿ ತೆಗೆದೆ. ತೊಟ್ಟಿಕ್ಕುವಷ್ಟು ಎಣ್ಣೆ ಉಳಿದರೆ ಗಾಳಿಗೆ ದಾರಿ ಕಿರಿದಾಗಿ ಮಿಶ್ರಣದಲ್ಲಿ ಪೆಟ್ರೋಲ್ ಅಂಶ ಹೆಚ್ಚುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. ಆಯಿಲ್‌ನ ದ್ರಾವಕ ಆರಲು ಸ್ವಲ್ಪ ಹೊತ್ತು ಬಿಟ್ಟು, ತೊಳೆದಿಟ್ಟಿದ್ದ ತಂತಿಯ ಪಂಜರದ ಮೇಲೆ ಸುಕ್ಕಿಲ್ಲದಂತೆ ಎಳೆದು ತೊಡಿಸಿದೆ.

ಇಷ್ಟಕ್ಕೇ ಹೆಚ್ಚಿನವರು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಹಳೆಯ ಬೈಕಿನಲ್ಲಿ ಫೋಮಿಗಿಂತ ಹೆಚ್ಚು ಗಮನ ಬೇಡುವುದು ಅಂಚು. ಗಾಳಿ ಯಾವಾಗಲೂ ಸುಲಭದ ದಾರಿಯನ್ನೇ ಹುಡುಕುವುದರಿಂದ, ಫೋಮ್ ಎಷ್ಟೇ ಉತ್ತಮವಾಗಿದ್ದರೂ ಅದು ಕೂರುವ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೆ ಧೂಳು ಅಲ್ಲಿಂದಲೇ ನುಗ್ಗುತ್ತದೆ. ಅರ್ಧ ಶತಮಾನದಲ್ಲಿ ಏರ್‌ಬಾಕ್ಸಿನ ಅಂಚು ಸೊಟ್ಟಗಾಗಿರುತ್ತದೆ, ಕ್ಲಾಂಪ್ ಹಿಡಿತ ಕಳೆದುಕೊಂಡಿರುತ್ತದೆ. ಹಾಗಾಗಿ ಫೋಮಿನ ತುಟಿಯ ಸುತ್ತಲೂ ನೀರಿಗೆ ಕರಗದ ಗ್ರೀಸ್ ಅನ್ನು ತೆಳುವಾಗಿ, ಎಲ್ಲಿಯೂ ಬಿಡದಂತೆ ಹಚ್ಚಿದೆ. ಒಮ್ಮೆ ಕೂರಿಸಿ ತೆಗೆದು ನೋಡಿದಾಗ ಏರ್‌ಬಾಕ್ಸಿನ ಅಂಚಿನಲ್ಲಿ ಗ್ರೀಸಿನ ಗೆರೆ ಕಡಿಯದೆ ಮೂಡಿತ್ತು. ಸಂದಿಯಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸರಳವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಬೂಟಿನ ಬಾಯಿಯ ಬಟ್ಟೆ ತೆಗೆದು, ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿದೆ. ಮಣ್ಣಿನ ಬಣ್ಣ ಹತ್ತಲಿಲ್ಲ ಎಂಬುದು ದೊಡ್ಡ ಸಮಾಧಾನ. ಆದರೆ ರಬ್ಬರನ್ನು ಬಗ್ಗಿಸಿ ನೋಡಿದಾಗ ಕಾರ್ಬ್ಯುರೇಟರ್ ಕಡೆಯ ಮಡಿಕೆಯಲ್ಲಿ ನವಿರಾದ ಬಿರುಕುಗಳು ತೆರೆದುಕೊಂಡವು. ಒಳಗಿನಿಂದ ಟಾರ್ಚ್ ಹಿಡಿದರೆ ಬೆಳಕು ಹೊರಬರಲಿಲ್ಲವಾದ್ದರಿಂದ ಅವು ಇನ್ನೂ ಮೇಲ್ಮೈಯಲ್ಲೇ ಇವೆ. ಅವು ಆರಪಾರ ಸೀಳಿದರೆ ಧೂಳಿನ ಜೊತೆಗೆ ಫಿಲ್ಟರ್ ದಾಟದ ಹೆಚ್ಚುವರಿ ಗಾಳಿಯೂ ಒಳನುಗ್ಗಿ, ಮಿಶ್ರಣದಲ್ಲಿ ಪೆಟ್ರೋಲ್ ಅಂಶ ತಗ್ಗಿ, ಟೂ ಸ್ಟ್ರೋಕ್ ಪಿಸ್ಟನ್ ಬಿಸಿಯೇರಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವ ಸಾಧ್ಯತೆಯಿದೆ. ಫಿಲ್ಟರ್ ಕೂರಿಸಿ, ಮುಚ್ಚಳ ಬಿಗಿದು, ಹೊಸ ಬೂಟು ಮತ್ತು ಕ್ಲಾಂಪ್‌ಗಳನ್ನು ಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದ್ದೇನೆ. ಅವು ಬರುವವರೆಗೆ ಈ ಗಾಡಿಯನ್ನು ಧೂಳಿನ ದಾರಿಗೆ ಇಳಿಸುವುದಿಲ್ಲ.